ನಿದ್ದೆಯ ಬೇರು ಹುಡುಕಿದವರು

2022ರ ಜೂನ್ 25ರ ಬೆಳಗ್ಗೆ ಸುಳ್ಯ ತಾಲೂಕಿನ ಕಲ್ಲುಗುಂಡಿ, ಸಂಪಾಜೆ ಮತ್ತು ಪಕ್ಕದ ಕೊಡಗಿನ ಗಡಿ ಊರುಗಳಲ್ಲಿ ನೆಲ ಅಲುಗಿತು. 28ರಂದು ಮತ್ತೆ ಅಲುಗಿದಾಗ ರಿಕ್ಟರ್ ಮಾಪಕ 3.0 ತೋರಿಸಿತು. ಜುಲೈ 1ರಂದು ನಡುರಾತ್ರಿ ಕಳೆದ ಮೇಲೆ ಇನ್ನೊಂದು ಕಂಪನವಾಯಿತು. ಅದರ ತೀವ್ರತೆ ಬರೇ 1.8. ಆದರೆ ಮನುಷ್ಯನ ನಿದ್ದೆ ರಿಕ್ಟರ್ ಮಾಪಕ ನೋಡಿ ಕೆಡುವುದಿಲ್ಲವಲ್ಲ! ಆಗಸ್ಟ್ ಆರಂಭದಲ್ಲಿ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೇ ನೀರು ನುಗ್ಗಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2018ರ ಆಗಸ್ಟ್‌ನಲ್ಲಿ, ಮೇಲಿನ ಜೋಡುಪಾಲದಲ್ಲಿ ಗುಡ್ಡ ಕುಸಿದು ಮನೆ ಬಿಟ್ಟು ಬಂದವರನ್ನು ಈ ಕಡೆಯ ಪರಿಹಾರ ಕೇಂದ್ರಗಳು ಕಂಡಿದ್ದವು.

ಅಂಥ ರಾತ್ರಿಗಳಲ್ಲಿ ಎಚ್ಚರವಿರುವುದನ್ನು ಯಾರೂ ರೋಗವೆನ್ನಲಾರರು. ಅದು ಕಾವಲು. ಆದರೆ ಮಳೆ ನಿಂತು, ನೆಲ ಸುಮ್ಮನಾಗಿ, ಮನೆಮಂದಿಯೆಲ್ಲ ಮಲಗಿದ ಮೇಲೂ ಒಬ್ಬರಿಗೆ ಮಾತ್ರ ಕಣ್ಣು ಮುಚ್ಚಲಾಗದಿದ್ದರೆ? ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳ ಕಾಲ ನಿದ್ದೆ ಬಾರದೆ, ಅದರಿಂದ ಹಗಲಿನ ಕೆಲಸವೂ ಕೆಟ್ಟರೆ ಇಂದಿನ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಪಾಯ ಹೋದ ಮೇಲೂ ಕಾವಲು ಏಕೆ ಮುಗಿಯುವುದಿಲ್ಲ ಎಂಬ ಪ್ರಶ್ನೆ ಮಾತ್ರ ಬಹಳ ಹಳೆಯದು.

ಚರಕ ಸಂಹಿತೆಯು ದೇಹವನ್ನು ಹಿಡಿದು ನಿಲ್ಲಿಸುವ ಮೂರು ಊರೆಗೋಲುಗಳಲ್ಲಿ ನಿದ್ದೆಯನ್ನೂ ಎಣಿಸಿತು. ನಿದ್ದೆಗೆಡಿಸುವ ಕಾರಣಗಳ ಸಾಲಿನಲ್ಲಿ ಭಯ, ಚಿಂತೆ, ಕೋಪ, ಉಪವಾಸ, ಹಿತವಲ್ಲದ ಹಾಸಿಗೆ ಎಲ್ಲವೂ ಇವೆ. ಎಣ್ಣೆ ತಿಕ್ಕುವುದು, ಸ್ನಾನ, ಎಮ್ಮೆಯ ಹಾಲು ಅದು ಹೇಳುವ ಉಪಾಯಗಳು. ಸುಮಾರು 1025ರಲ್ಲಿ 'ಅಲ್ ಖಾನೂನ್' ಬರೆದು ಮುಗಿಸಿದ ಇಬ್ನು ಸೀನಾ ತಲೆಗೆ ಸಂಬಂಧಿಸಿದ ರೋಗಗಳ ಜೊತೆಗೆ ನಿದ್ರಾಹೀನತೆಯನ್ನೂ ಚರ್ಚಿಸಿದರು. ಅರಬಿಯಲ್ಲಿ ಅದಕ್ಕೆ 'ಸಹರ್' ಎಂದು ಹೆಸರು. (ರಮಝಾನಿನ ಸಹರಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಒಂದೇ ಆಗಿ ಕಾಣುವ 'ಹ' ಅಲ್ಲಿ ಎರಡು ಬೇರೆ ಅಕ್ಷರಗಳು.) ಮಿದುಳಿನ ಉಷ್ಣ ಮತ್ತು ಶುಷ್ಕತೆ ಇದಕ್ಕೆ ಕಾರಣವೆಂಬ ಅವರ ವಿವರಣೆ ಇಂದು ನಿಲ್ಲುವುದಿಲ್ಲ. ಆದರೆ ನೋವು, ಯೋಚನೆ, ಅಜೀರ್ಣಗಳನ್ನು ಅವರು ಬಿಡಲಿಲ್ಲ. ಎರಡೂ ಪರಂಪರೆಗಳು ಮದ್ದಿಗೆ ಮುಂಚೆ ಕಾರಣವನ್ನು ಕೇಳಿದವು ಎಂಬುದನ್ನು ನಾವು ಗಮನಿಸಬೇಕು.

ಈ ಎರಡು ಪರಂಪರೆಗಳು ಒಂದೇ ಸೂರಿನಡಿ ಸೇರಿದ ಕಥೆಯೊಂದಿದೆ. ಪಶ್ಚಿಮ ಘಟ್ಟದ ತೇವದ ನೆಲದಲ್ಲಿ ಬೆಳೆಯುವ ಸರ್ಪಗಂಧವೆಂಬ ಪುಟ್ಟ ಗಿಡವನ್ನು ಕನ್ನಡದಲ್ಲಿ ಸೂತ್ರನಾಭಿ ಎಂದೂ ಕರೆಯುತ್ತಾರೆ. ಇದರ ಬೇರನ್ನು ನಾಟಿ ವೈದ್ಯರು ಹಾವಿನ ಕಡಿತಕ್ಕೂ, ನಿದ್ದೆಗೆಟ್ಟವರಿಗೂ, ಬುದ್ಧಿಭ್ರಮಣೆಗೂ ಕೊಡುತ್ತಿದ್ದರು. ಉತ್ತರ ಭಾರತದಲ್ಲಿ ಇದಕ್ಕೆ 'ಪಾಗಲ್ ಕಿ ದವಾ' ಎಂಬ ಹೆಸರೇ ಇತ್ತು. ದೆಹಲಿಯ ಹಕೀಮ್ ಅಜ್ಮಲ್ ಖಾನರು ಆಯುರ್ವೇದ ಮತ್ತು ಯುನಾನಿ ಎರಡನ್ನೂ ಜೊತೆಗೆ ಕಲಿಸುವ ತಿಬ್ಬಿಯಾ ಕಾಲೇಜು ಕಟ್ಟಿದರು. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಹಳೆಯ ಮದ್ದುಗಳನ್ನು ಹೊಸ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂಬ ಆಸೆ ಅವರಿಗಿತ್ತು. ಜರ್ಮನಿಯಲ್ಲಿ ಓದಿ ಬಂದ ತರುಣ ಸಲೀಮುಝ್ಝಮಾನ್ ಸಿದ್ದೀಕಿಯವರಿಗೆ ಆ ಕೆಲಸ ಒಪ್ಪಿಸಿದರು. 1927ರ ಡಿಸೆಂಬರಿನಲ್ಲಿ ಹಕೀಮರು ತೀರಿಕೊಂಡರು. 1931ರಲ್ಲಿ ಸಿದ್ದೀಕಿಯವರು ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ರಾಸಾಯನಿಕಗಳ ವಿವರ ಪ್ರಕಟವಾಯಿತು. ಅವುಗಳಲ್ಲೊಂದಕ್ಕೆ ಗುರುವಿನ ಹೆಸರಿನಲ್ಲಿ 'ಅಜ್ಮಲಿನ್' ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು.

ಜಗತ್ತು ತಡವಾಗಿ ತಿರುಗಿ ನೋಡಿತು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ವಕೀಲರು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ರಕ್ತದೊತ್ತಡದ ಮೇಲೆ ಈ ಬೇರಿನ ಪರಿಣಾಮವನ್ನು ವಿವರಿಸಿದರು. 1952ರಲ್ಲಿ ಸ್ವಿಟ್ಝರ್ಲೆಂಡಿನ ಸೀಬಾ ಕಂಪೆನಿಯವರು ಇದರಿಂದ 'ರಿಸರ್ಪಿನ್' ತೆಗೆದರು. ಕೆಲವು ವರ್ಷ ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಅದರದೇ ಸುದ್ದಿ. ಆದರೆ ಖಿನ್ನತೆಯ ದೂರುಗಳು ಬಂದವು, ಬೇರೆ ಔಷಧಿಗಳೂ ಬಂದವು. ರಿಸರ್ಪಿನ್ ಹಿಂದೆ ಸರಿಯಿತು. ಔಷಧಿಗಾಗಿ ಕಿತ್ತು ಕಿತ್ತು ಗಿಡವೇ ಅಪರೂಪವಾಗಿ, 1990ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣ ಬಂತು. ಯಾರಾದರೂ ಈ ಬೇರು ತಂದುಕೊಟ್ಟರೆ ಅರೆದು ಕುಡಿಯಬೇಡಿ. ರಕ್ತದೊತ್ತಡ ಕುಸಿದೀತು.

ಪಶ್ಚಿಮದವರ ನಿದ್ದೆಮಾತ್ರೆಗಳ ಕಥೆ ಚಿಕ್ಕದು, ದುಃಖದ್ದು. 1903ರಲ್ಲಿ ವೆರೊನಾಲ್ ಬಂತು. ಆ ವರ್ಗದ ಮಾತ್ರೆಗಳು ನಿದ್ದೆ ತರಿಸಿದವು, ಚಟ ಹಿಡಿಸಿದವು, ಪ್ರಮಾಣ ಮೀರಿದಾಗ ಜೀವವನ್ನೂ ತೆಗೆದವು. 1963ರ ವ್ಯಾಲಿಯಂ ಅದಕ್ಕಿಂತ ಸುರಕ್ಷಿತವೆನಿಸಿತು. ಬಿಡಲು ಹೋದಾಗ ನಿದ್ದೆ ಇನ್ನಷ್ಟು ಕೆಡುವುದು ಆಮೇಲೆ ಗೊತ್ತಾಯಿತು.

ಕಾವಲು ಏಕೆ ಮುಗಿಯುವುದಿಲ್ಲ ಎಂಬುದಕ್ಕೆ ಹೆಚ್ಚು ತೃಪ್ತಿಕರವಾದ ಉತ್ತರ ಬಂದದ್ದು ಮನಶ್ಶಾಸ್ತ್ರಜ್ಞರಿಂದ. 1987ರಲ್ಲಿ ಅಮೆರಿಕದ ಆರ್ಥರ್ ಸ್ಪೀಲ್‌ಮನ್ ಕಾರಣಗಳನ್ನು ಮೂರಾಗಿ ಬಿಡಿಸಿದರು: ಹುಟ್ಟಿನಿಂದ ಬಂದ ಸ್ವಭಾವ, ನಿದ್ದೆ ಕೆಡಿಸಿದ ಘಟನೆ, ಕೆಟ್ಟದ್ದನ್ನು ಹಾಗೆಯೇ ಉಳಿಸುವ ಅಭ್ಯಾಸ. ನೆರೆ ಬಂದಾಗ ನಿದ್ದೆ ಕೆಡುತ್ತದೆ. ಕಳೆದುಕೊಂಡದ್ದನ್ನು ತುಂಬಿಸಲು ನಾವು ಎಂಟಕ್ಕೇ ಮಲಗುತ್ತೇವೆ, ಮಧ್ಯಾಹ್ನ ಕಣ್ಣು ಮುಚ್ಚುತ್ತೇವೆ, ರಾತ್ರಿ ಗಡಿಯಾರ ನೋಡುತ್ತೇವೆ. ನೆರೆ ಇಳಿದರೂ ಅಭ್ಯಾಸ ಇಳಿಯುವುದಿಲ್ಲ. ಹಾಸಿಗೆ ಕಂಡರೇ ಎಚ್ಚರವಾಗುವಂತೆ ಮನಸ್ಸು ಪಳಗಿಬಿಡುತ್ತದೆ.

ಅದನ್ನು ತಿರುಗಿ ಪಳಗಿಸುವ ಕ್ರಮವನ್ನು ರಿಚರ್ಡ್ ಬೂಟ್ಝಿನ್ 1972ರಲ್ಲೇ ಹೇಳಿದ್ದರು. ನಿದ್ದೆ ತೂಗಿದಾಗ ಮಾತ್ರ ಮಲಗಿ. ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ; ತೂಕಡಿಕೆ ಬಂದಾಗ ಮರಳಿ. ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ದಿನಾ ಒಂದೇ ಇರಲಿ. ಹಗಲು ನಿದ್ದೆ ಬೇಡ. ಇದಕ್ಕೆ ಸ್ಪೀಲ್‌ಮನ್ನರು, ನಿಜವಾಗಿ ನಿದ್ರಿಸುವಷ್ಟು ಹೊತ್ತಿಗೇ ಹಾಸಿಗೆಯ ಸಮಯವನ್ನು ಇಳಿಸಿ ಮೆಲ್ಲನೆ ಏರಿಸುವ ವಿಧಾನವನ್ನು ಸೇರಿಸಿದರು. 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು, ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಚಿಕಿತ್ಸೆಯನ್ನೇ ಕೊಡಬೇಕೆಂದು ಶಿಫಾರಸು ಮಾಡಿತು. ಮೊದಲ ಒಂದೆರಡು ವಾರ ಕಷ್ಟ, ಹಗಲು ತೂಕಡಿಕೆ ಇರುತ್ತದೆ. ಘಾಟಿಯಲ್ಲಿ ಲಾರಿ ಓಡಿಸುವವರು, ಅಪಸ್ಮಾರ ಇರುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದು. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರದ್ದು ಬೇರೆಯೇ ರೋಗ. ಅದಕ್ಕೆ ಪರೀಕ್ಷೆ ಬೇಕು.

ಇಂಥ ಚಿಕಿತ್ಸೆಯಲ್ಲಿ ಪಳಗಿದವರು ನಮ್ಮ ಸಣ್ಣ ಪೇಟೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಭಯದಿಂದಲೋ ಚಿಂತೆಯಿಂದಲೋ ನಿದ್ದೆಗೆಟ್ಟವರು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ, 14416 ಸಂಖ್ಯೆಗೆ, ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ.