ಮಿಂಚುಳ್ಳಿಯ ನೀಲಿ, ಕವಿಶೈಲದ ಕೆಂಪು

ಕನ್ನಡದಲ್ಲಿ ಛಾಯಾಚಿತ್ರವೆಂದರೆ ನೆರಳಿನ ಚಿತ್ರ. ಉರ್ದುವಿನಲ್ಲಿ ಅದು 'ಅಕ್ಸ್', ಅಂದರೆ ಪ್ರತಿಬಿಂಬ. ಎರಡೂ ಪದಗಳಲ್ಲಿ ಬಣ್ಣದ ಸುಳಿವಿಲ್ಲ. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದಾಗ ಅದಕ್ಕೆ ಬಣ್ಣ ತಿಳಿದಿರಲಿಲ್ಲ. ಆರಂಭದ ಪ್ಲೇಟುಗಳು ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಮುತ್ತುಗದ ಹೂವಾದರೆ ಕಪ್ಪು, ಆಕಾಶ ಬರೀ ಬಿಳಿ. 1935ರಲ್ಲಿ ಕೊಡಾಕ್ರೋಮ್ ಫಿಲ್ಮ್ ಬಂತು. ಅದನ್ನು ರೂಪಿಸಿದವರು ಇಬ್ಬರು ಸಂಗೀತಗಾರರು!

ಈ ಚರಿತ್ರೆ ನಮ್ಮನ್ನು ಕುಪ್ಪಳ್ಳಿಗೆ ಕರೆತರಲು ಕಾರಣ ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಈ ಮಗ ಹುಟ್ಟಿದ್ದು 1938ರಲ್ಲಿ, ಬದುಕಿದ್ದು ಮೂಡಿಗೆರೆಯ ಕಾಫಿ ತೋಟದಲ್ಲಿ. 2007ರಲ್ಲಿ ತೀರಿಕೊಂಡ ಅವರ ಸ್ಮಾರಕ ಕುಪ್ಪಳ್ಳಿಯಲ್ಲಿದೆ. ಕೋವಿ, ಗಾಳ, ಕ್ಯಾಮೆರಾ ಮೂರನ್ನೂ ಬಲ್ಲ ಕೈ ಅವರದು. ಹಕ್ಕಿಯ ಚಿತ್ರ ತೆಗೆಯುವವನಿಗೆ ಬೇಟೆಗಾರನ ಅಂತಃಪ್ರೇರಣೆಯೇ ಬೇಕು. ಮಿಂಚುಳ್ಳಿ ಕೊಂಬೆ ಬಿಟ್ಟ ಮೇಲೆ ಗುಂಡಿ ಒತ್ತಿದರೆ ಸಿಗುವುದು ಬರಿಯ ಕೊಂಬೆ. ಅದು ಹಾರುವ ಮುನ್ನವೇ ಬೆರಳಿಗೆ ಗೊತ್ತಾಗಬೇಕು.

ಇನ್ನು ಆ ಹಕ್ಕಿಯ ನೀಲಿ. ಅದರ ಎದೆಯ ಕಿತ್ತಳೆ ನಿಜವಾದ ವರ್ಣದ್ರವ್ಯ. ಬೆನ್ನಿನ ನೀಲಿ ಹಾಗಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಹುಟ್ಟುವಂಥದು. ಬಿಸಿಲಿಗೆ ಬಂದಾಗ ಉರಿಯುತ್ತದೆ, ನೆರಳಿಗೆ ಸರಿದರೆ ಮಂಕು. ಹಾಗಾದರೆ ಅದರ 'ಸರಿಯಾದ' ಬಣ್ಣ ಯಾವುದು?

ನಮ್ಮ ಕಣ್ಣೂ ನಂಬಿಗಸ್ಥನಲ್ಲ. ಮುಸ್ಸಂಜೆ ಕವಿದಂತೆ ಅದಕ್ಕೆ ಕೆಂಪು ಬೇಗ ಕಪ್ಪಾಗುತ್ತದೆ, ಹಸಿರು ನೀಲಿಗಳು ಎದ್ದು ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲೇ ಪುರ್ಕಿನ್ಯೆ ಎಂಬ ವಿಜ್ಞಾನಿ ಇದನ್ನು ಗುರುತಿಸಿದ್ದ. ಕ್ಯಾಮೆರಾಕ್ಕೆ ಈ ರೋಗವಿಲ್ಲ. ಅದರ ರೋಗಗಳೇ ಬೇರೆ.

1990ರ ದಶಕದ ಕೊನೆಯಲ್ಲಿ ನಾವು ಮೂವರು ಗೆಳೆಯರು ಸಾಲ ತಂದ ಕ್ಯಾಮೆರಾದೊಂದಿಗೆ ಕವಿಶೈಲದ ಬಂಡೆ ಹತ್ತಿ ಸೂರ್ಯಾಸ್ತಕ್ಕೆ ಅರ್ಧ ರೋಲು ಸುರಿದಿದ್ದೆವು. ಪ್ರಿಂಟು ಬಂದಾಗ ಆಕಾಶ ಬೂದಿ ಬಳಿದಂತಿತ್ತು. ಸ್ಟುಡಿಯೋದವನೊಡನೆ ಜಗಳಕ್ಕೇ ನಿಂತೆವು. ಆತ ತಾಳ್ಮೆಯಿಂದ ವಿವರಿಸಿದ: ಪ್ರಿಂಟು ಹಾಕುವ ಯಂತ್ರ ಚಿತ್ರದ ಬಣ್ಣಗಳ ಸರಾಸರಿ ತೆಗೆಯುತ್ತದೆ, ಒಂದೇ ಬಣ್ಣ ಅತಿಯಾದರೆ ತಪ್ಪೆಂದು ತಿಳಿದು ತಾನೇ ತಿದ್ದುತ್ತದೆ. ನಮ್ಮ ಸೂರ್ಯಾಸ್ತ ಅದಕ್ಕೆ ತಪ್ಪಾಗಿ ಕಂಡಿತ್ತು.

"ಕೈಯಿಂದಲೇ ಸರಿಮಾಡಿ ಕೊಡ್ತೀನಿ. ಆಕಾಶ ಯಾವ ಬಣ್ಣ ಇತ್ತು, ಹೇಳಿ ಸಾರ್" ಎಂದ.

ಒಬ್ಬ ಕೇಸರಿ ಎಂದ. ಇನ್ನೊಬ್ಬ, ಇಲ್ಲ, ದಾಳಿಂಬೆ ಕಾಳಿನ ಬಣ್ಣ ಎಂದ. ಮೂರನೆಯವರಾದ ನಾವು ಗುಲಾಬಿ ಎಂದೆವು. ಸ್ಟುಡಿಯೋದವನು ಮೂರು ಪ್ರಿಂಟು ಹಾಕಿಕೊಟ್ಟು ಮೂರರ ದುಡ್ಡನ್ನೂ ತೆಗೆದುಕೊಂಡ.