ಪೆಗಿ ಆಶ್‌ಕ್ರಾಫ್ಟ್: ಅರ್ಧ ಶತಮಾನದ ರಂಗಯಾತ್ರೆ, ಇಳಿವಯಸ್ಸಿನ ತೆರೆಕೀರ್ತಿ

ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರವನ್ನು ನೋಡುವ ಕನ್ನಡಿಗರು ಗುಹೆಗಳ ದೃಶ್ಯ ಬಂದೊಡನೆ ‘ಇದು ನಮ್ಮ ಸಾವನದುರ್ಗವಲ್ಲವೆ?’ ಎಂದು ಗುರುತಿಸಿ ಹಿಗ್ಗುವುದುಂಟು. ಆ ಬಂಡೆಗಳ ನಡುವೆ ನಡೆದುಬರುವ ವೃದ್ಧೆ ಮಿಸೆಸ್ ಮೂರ್ ಪಾತ್ರಧಾರಿ ಯಾರು ಎಂಬ ಪ್ರಶ್ನೆ ಮಾತ್ರ ನಮ್ಮಲ್ಲಿ ಅಷ್ಟಾಗಿ ಏಳುವುದಿಲ್ಲ. ನಾವೂ ಬಹುಕಾಲ ಅವರನ್ನು ಆ ಒಂದು ಚಿತ್ರದ ನಟಿಯೆಂದೇ ತಿಳಿದಿದ್ದೆವು. ವಾಸ್ತವವಾಗಿ ಆ ಪಾತ್ರವು ಅವರ ದೀರ್ಘ ಕಲಾಜೀವನದ ಕೊನೆಯ ಅಧ್ಯಾಯ ಮಾತ್ರ. ಅದಕ್ಕೆ ಮುನ್ನ ಅರ್ಧ ಶತಮಾನಕ್ಕೂ ಮಿಕ್ಕಿ ಇಂಗ್ಲಿಷ್ ರಂಗಭೂಮಿಯನ್ನು ಬೆಳಗಿದ ಡೇಮ್ ಪೆಗಿ ಆಶ್‌ಕ್ರಾಫ್ಟ್ ಅವರ ಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇವೆ.

ಬಾಲ್ಯ ಮತ್ತು ರಂಗಪ್ರವೇಶ

ಎಡಿತ್ ಮಾರ್ಗರೆಟ್ ಎಮಿಲಿ ಆಶ್‌ಕ್ರಾಫ್ಟ್ 1907ರ ಡಿಸೆಂಬರ್ 22ರಂದು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ ಜನಿಸಿದರು. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ತಾಯಿ ಹವ್ಯಾಸಿ ನಟಿ. ಲಂಡನ್ನಿನ ಸೆಂಟ್ರಲ್ ಸ್ಕೂಲ್‌ನಲ್ಲಿ ವಾಚಿಕ ಮತ್ತು ನಾಟ್ಯಶಿಕ್ಷಣ ಪಡೆಯುವಾಗ ಲಾರೆನ್ಸ್ ಒಲಿವಿಯರ್ ಅವರ ಸಹಪಾಠಿಯಾಗಿದ್ದರು. 1926ರಲ್ಲಿ, ಹದಿನೆಂಟರ ಹರೆಯದಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿ ತಂಡದ ‘ಡಿಯರ್ ಬ್ರೂಟಸ್’ ನಾಟಕದಲ್ಲಿ ರಾಲ್ಫ್ ರಿಚರ್ಡ್‌ಸನ್ ಜೊತೆಗೆ ವೃತ್ತಿರಂಗಕ್ಕೆ ಕಾಲಿಟ್ಟರು.

1930ರ ‘ಒಥೆಲೊ’ ಅವರ ಬದುಕಿನಲ್ಲಿ ಮಹತ್ವದ ತಿರುವು. ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ನಡೆದ ಆ ಪ್ರಯೋಗದಲ್ಲಿ ಅಮೆರಿಕದ ಕಪ್ಪು ಕಲಾವಿದ, ಮಹಾಗಾಯಕ ಪಾಲ್ ರೋಬ್ಸನ್ ಒಥೆಲೊ ಆಗಿದ್ದರು. ಇಪ್ಪತ್ತೆರಡರ ಪೆಗಿ ಡೆಸ್ಡಿಮೋನಾ. ಬಿಳಿಯ ಹೆಣ್ಣೊಬ್ಬಳು ಕಪ್ಪು ನಟನೊಡನೆ ಪ್ರಣಯದೃಶ್ಯದಲ್ಲಿ ಅಭಿನಯಿಸುವುದನ್ನು ಸಹಿಸದವರು ಆಕೆಗೆ ನಿಂದೆಯ ಪತ್ರಗಳನ್ನು ಬರೆದರು. ವರ್ಣದ್ವೇಷವೆಂದರೇನೆಂದು ಆಕೆ ಹತ್ತಿರದಿಂದ ಕಂಡದ್ದು ಆಗಲೇ. ರಂಗವು ಲೋಕದಿಂದ ಬೇರೆಯಲ್ಲ ಎಂಬ ಅರಿವು ಮುಂದೆ ಅವರನ್ನು ಎಂದೂ ಬಿಡಲಿಲ್ಲ.

ಜೂಲಿಯೆಟ್‌ನಿಂದ ಹೆಸ್ಟರ್‌ವರೆಗೆ

1935ರಲ್ಲಿ ಜಾನ್ ಗೀಲ್‌ಗುಡ್ ನಿರ್ದೇಶಿಸಿದ ‘ರೋಮಿಯೊ ಮತ್ತು ಜೂಲಿಯೆಟ್’ ಇಂಗ್ಲಿಷ್ ರಂಗಚರಿತ್ರೆಯಲ್ಲಿ ಪ್ರಸಿದ್ಧವಾದುದು. ಗೀಲ್‌ಗುಡ್ ಮತ್ತು ಒಲಿವಿಯರ್ ಇಬ್ಬರೂ ರೋಮಿಯೊ ಹಾಗೂ ಮರ್ಕ್ಯೂಶಿಯೊ ಪಾತ್ರಗಳನ್ನು ಸರದಿಯಲ್ಲಿ ಬದಲಿಸಿಕೊಂಡರು. ಇಬ್ಬರು ರೋಮಿಯೊಗಳಿಗೂ ಜೂಲಿಯೆಟ್ ಒಬ್ಬರೇ, ಅವರೇ ಪೆಗಿ. ಒಬ್ಬರದು ಕಾವ್ಯದ ನಾದ, ಇನ್ನೊಬ್ಬರದು ರಕ್ತಮಾಂಸದ ಆವೇಗ. ಅಂತಹ ಇಬ್ಬರಿಗೂ ಸಮನಾಗಿ ಸ್ಪಂದಿಸುವುದು ಎಷ್ಟು ಕಠಿಣವೆಂಬುದನ್ನು ನಾಟಕವಾಡಿದವರು ಬಲ್ಲರು.

ಅದೇ ವರ್ಷ ಹಿಚ್‌ಕಾಕ್ ಅವರ ‘ದ ಥರ್ಟಿನೈನ್ ಸ್ಟೆಪ್ಸ್’ ಚಿತ್ರದಲ್ಲಿ ರೈತನೊಬ್ಬನ ಎಳೆಯ ಹೆಂಡತಿಯ ಚಿಕ್ಕ ಪಾತ್ರವನ್ನು ಮಾಡಿದರು. ಓಡಿಬಂದ ನಾಯಕನಿಗೆ ಆಕೆ ಗಂಡನ ಕೋಟನ್ನು ಕೊಟ್ಟು ಕಳುಹಿಸುತ್ತಾಳೆ; ಅದರ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಗಳ ಪುಸ್ತಕ ಗುಂಡೇಟಿನಿಂದ ಅವನ ಪ್ರಾಣ ಉಳಿಸುತ್ತದೆ. ಕೆಲವೇ ನಿಮಿಷಗಳ ಆ ಪಾತ್ರದಲ್ಲಿ ನಗರದ ಹಂಬಲವೂ ಗಂಡನ ಭಯವೂ ಕಣ್ಣಿನಲ್ಲೇ ವ್ಯಕ್ತವಾಗುತ್ತವೆ.

ಆದರೂ ಸಿನೆಮಾ ಅವರನ್ನು ರಂಗದಿಂದ ಸೆಳೆಯಲಾಗಲಿಲ್ಲ. 1937-38ರಲ್ಲಿ ಗೀಲ್‌ಗುಡ್ ಕ್ವೀನ್ಸ್ ಥಿಯೇಟರ್‌ನಲ್ಲಿ ಕಟ್ಟಿದ ತಂಡದಲ್ಲಿ ಅವರು ಪೋರ್ಶಿಯಾ ಆದರು, ಚೆಕಾಫ್‌ನ ‘ಮೂವರು ಸೋದರಿಯರು’ ನಾಟಕದಲ್ಲಿ ಇರಿನಾ ಆದರು. ಮೈಕಲ್ ರೆಡ್‌ಗ್ರೇವ್ ಆ ತಂಡದ ಒಡನಾಡಿ. 1949ರ ‘ದ ಏರೆಸ್’, 1952ರಲ್ಲಿ ಟೆರೆನ್ಸ್ ರಾಟಿಗನ್ ಅವರ ‘ದ ಡೀಪ್ ಬ್ಲೂ ಸೀ’, 1954ರ ‘ಹೆಡ್ಡಾ ಗ್ಯಾಬ್ಲರ್’ ಅವರ ಪ್ರೌಢಾವಸ್ಥೆಯ ಶಿಖರಗಳು. 1956ರಲ್ಲಿ ‘ಡೇಮ್’ ಬಿರುದು ಸಂದಿತು. 1962ರಲ್ಲಿ ಹುಟ್ಟೂರು ಕ್ರಾಯ್ಡನ್ ತನ್ನ ಹೊಸ ರಂಗಮಂದಿರಕ್ಕೆ ಅವರ ಹೆಸರನ್ನಿಟ್ಟಿತು.

ತಂಡದ ನಟಿ

ತಾರೆಯ ಸುತ್ತ ನಾಟಕ ಕಟ್ಟುವ ಕಾಲದಲ್ಲಿ ಆಶ್‌ಕ್ರಾಫ್ಟ್ ನಂಬಿದ್ದು ಸ್ಥಾಯಿಯಾದ ತಂಡವನ್ನು. 1960ರಲ್ಲಿ ಇಪ್ಪತ್ತೊಂಬತ್ತರ ಪೀಟರ್ ಹಾಲ್ ಸ್ಟ್ರಾಟ್‌ಫರ್ಡ್‌ನ ಹೊಣೆ ಹೊತ್ತು ಮುಂದೆ ರಾಯಲ್ ಶೇಕ್ಸ್‌ಪಿಯರ್ ಕಂಪೆನಿಯಾದ ಸಂಸ್ಥೆಯನ್ನು ಕಟ್ಟತೊಡಗಿದಾಗ ಅವರ ಬೆನ್ನಿಗೆ ನಿಂತ ಹಿರಿಯ ಕಲಾವಿದರಲ್ಲಿ ಪೆಗಿ ಪ್ರಮುಖರು. 1963ರ ‘ದ ವಾರ್ಸ್ ಆಫ್ ದ ರೋಸಸ್’ ಮಾಲಿಕೆಯಲ್ಲಿ ರಾಣಿ ಮಾರ್ಗರೆಟ್ ಆಗಿ ಅವರು ಹದಿಹರೆಯದ ಕನ್ಯೆಯಿಂದ ಶಾಪ ಹಾಕುವ ಮುದುಕಿಯವರೆಗೆ ಇಡೀ ಆಯುಷ್ಯವನ್ನು ಅಭಿನಯಿಸಿದರು. ಆಗ ಅವರ ವಯಸ್ಸು ಐವತ್ತೈದು! 1975ರಲ್ಲಿ ಬೆಕೆಟ್‌ನ ‘ಹ್ಯಾಪಿ ಡೇಸ್’ ನಾಟಕದಲ್ಲಿ ಮಣ್ಣದಿಬ್ಬದಲ್ಲಿ ಮೊದಲು ಸೊಂಟದವರೆಗೆ, ಅನಂತರ ಕತ್ತಿನವರೆಗೆ ಹೂತ ವಿನಿ ಆದರು. ಕೈಕಾಲುಗಳ ಆಸರೆಯಿಲ್ಲದೆ ಮುಖ ಮತ್ತು ಕಂಠಗಳಿಂದಲೇ ಪ್ರೇಕ್ಷಕರನ್ನು ಹಿಡಿದಿಡಬೇಕಾದ ಪಾತ್ರವದು. ಸ್ಟ್ರಾಟ್‌ಫರ್ಡ್‌ನಲ್ಲಿ 1981ರಲ್ಲಿ ಆರಂಭವಾದ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕದ ಕೌಂಟೆಸ್ ಅವರ ಕೊನೆಯ ರಂಗಪಾತ್ರ.

ಭಾರತದ ಎರಡು ಪಾತ್ರಗಳು

ಎಪ್ಪತ್ತೈದು ದಾಟಿದ ಮೇಲೆ ಲೋಕವ್ಯಾಪಿ ಕೀರ್ತಿ ತಂದುಕೊಟ್ಟ ಎರಡು ಪಾತ್ರಗಳೂ ಭಾರತದ ಕಥೆಗಳವು. ಪಾಲ್ ಸ್ಕಾಟ್ ಕಾದಂಬರಿಗಳನ್ನು ಆಧರಿಸಿ 1984ರಲ್ಲಿ ಪ್ರಸಾರವಾದ ‘ದ ಜ್ಯುವೆಲ್ ಇನ್ ದ ಕ್ರೌನ್’ ಟಿ.ವಿ. ಧಾರಾವಾಹಿಯಲ್ಲಿ ಅವರು ಬಾರ್ಬಿ ಬ್ಯಾಚೆಲರ್. ಆಯುಷ್ಯವೆಲ್ಲ ಮಿಷನ್ ಶಾಲೆಗಳಲ್ಲಿ ಕಳೆದು, ನಿವೃತ್ತಿಯ ನಂತರ ತನ್ನದೆನ್ನುವ ಮನೆಯೂ ಇಲ್ಲದೆ ಕುಸಿಯುವ ಒಂಟಿ ಜೀವ. ಇನ್ನೊಂದು ಮಿಸೆಸ್ ಮೂರ್. ಇ. ಎಂ. ಫಾರ್ಸ್ಟರ್ ಕಾದಂಬರಿಯ ಈ ಚಿತ್ರಕ್ಕಾಗಿ ಲೀನ್ ತಂಡ ಬೆಂಗಳೂರಿನಲ್ಲಿ ಬೀಡುಬಿಟ್ಟಿತು. ಅರಮನೆ ಮೈದಾನದಲ್ಲಿ ಊರಿನ ಸೆಟ್ ಎದ್ದಿತು. ಮಾಗಡಿ ಬಳಿಯ ಸಾವನದುರ್ಗ ಮತ್ತು ‘ಶೋಲೆ’ಯಿಂದ ಹೆಸರಾದ ರಾಮನಗರದ ಬಂಡೆಗಳು ಮರಬಾರ್ ಬೆಟ್ಟಗಳಾದವು. ಗುಹೆಯ ಪ್ರತಿಧ್ವನಿಗೆ ಬೆದರಿ ಹೊರಬಂದ ಮಿಸೆಸ್ ಮೂರ್ ಮುಖದಲ್ಲಿ ಅದುವರೆಗಿನ ನಂಬಿಕೆಗಳೆಲ್ಲ ಕರಗುವುದನ್ನು ನೋಡಬೇಕು. ಮಾತು ಕಡಿಮೆ, ಮೌನವೇ ಅಭಿನಯ.

ಆ ಪಾತ್ರಕ್ಕೆ 1985ರಲ್ಲಿ ಶ್ರೇಷ್ಠ ಪೋಷಕ ನಟಿಯ ಆಸ್ಕರ್ ಬಂದಾಗ ಅವರಿಗೆ 77 ವರ್ಷ. ಈ ವಿಭಾಗದಲ್ಲಿ ಅಷ್ಟು ಇಳಿವಯಸ್ಸಿನಲ್ಲಿ ಬೇರಾರೂ ಪ್ರಶಸ್ತಿ ಪಡೆದಿಲ್ಲ. ಆದರೆ ಮಾರ್ಚ್ 25ರ ಸಮಾರಂಭದಲ್ಲಿ ಅವರು ಇರಲಿಲ್ಲ. ಅದಕ್ಕೆ ನಾಲ್ಕು ದಿನ ಮೊದಲು ಮೈಕಲ್ ರೆಡ್‌ಗ್ರೇವ್ ತೀರಿಕೊಂಡಿದ್ದರು. ಹಳೆಯ ಒಡನಾಡಿಯ ಅಂತಿಮ ವಿದಾಯಕ್ಕಾಗಿ ಅವರು ಇಂಗ್ಲೆಂಡಿನಲ್ಲೇ ಉಳಿದರು. ಪ್ರಶಸ್ತಿಯನ್ನು ಅವರ ಪರವಾಗಿ ನಟಿ ಏಂಜೆಲಾ ಲ್ಯಾನ್ಸ್‌ಬರಿ ಸ್ವೀಕರಿಸಿದರು. ತಂಡವನ್ನು ನಂಬಿದ ಕಲಾವಿದೆಯ ಸ್ವಭಾವಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡವೆಂದು ನಮಗೆ ತೋರುತ್ತದೆ.

1989ರಲ್ಲಿ ‘ಶೀಸ್ ಬೀನ್ ಅವೇ’ ಚಿತ್ರಕ್ಕಾಗಿ ವೆನಿಸ್ ಉತ್ಸವದ ಶ್ರೇಷ್ಠ ನಟಿ ಗೌರವವನ್ನು ಜೆರಲ್ಡಿನ್ ಜೇಮ್ಸ್ ಅವರೊಡನೆ ಹಂಚಿಕೊಂಡ ಪೆಗಿ, 1991ರ ಜೂನ್ 14ರಂದು ಲಂಡನ್ನಿನಲ್ಲಿ ನಿಧನರಾದರು.

ರಂಗನಟರ ಕಲೆ ಅಂದಂದಿನ ಪರದೆಯೊಂದಿಗೇ ಮುಗಿದುಹೋಗುತ್ತದೆ. 1935ರ ಆ ಜೂಲಿಯೆಟ್‌ಳನ್ನು ಇಂದು ಯಾರೂ ಕಾಣಲಾರರು. ನಮಗೆ ಉಳಿದಿರುವುದು ಇಳಿವಯಸ್ಸಿನ ಕೆಲವು ಪಾತ್ರಗಳಷ್ಟೆ. ಮುಂದೆಂದಾದರೂ ಆ ಚಿತ್ರದಲ್ಲಿ ಸಾವನದುರ್ಗವನ್ನು ಕಂಡು ಹಿಗ್ಗುವಾಗ, ಓದುಗರು ಬಂಡೆಯ ಜೊತೆಗೆ ಅದರ ಮುಂದೆ ನಿಂತ ಆ ಮುಖವನ್ನೂ ಒಂದು ಕ್ಷಣ ದಿಟ್ಟಿಸಲಿ ಎಂಬುದು ನಮ್ಮ ಆಶಯ.