ಮೇದೋಜೀರಕ ಗ್ರಂಥಿಯ ಗಡ್ಡೆ

ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ ಜೀವಕೋಶಗಳು ಮಿತಿಮೀರಿ ಬೆಳೆದು ಉಂಟಾಗುವ ಗಂಟು. ಇಲ್ಲಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಜೀರ್ಣರಸ ಸಾಗಿಸುವ ನಾಳಗಳ ಒಳಪದರದಲ್ಲಿ ಹುಟ್ಟುತ್ತವೆ. ತಲೆಭಾಗದ ಗಡ್ಡೆ ಪಿತ್ತನಾಳವನ್ನು ಒತ್ತಿದರೆ ಕಣ್ಣು ಹಳದಿಗಟ್ಟಿ, ಮೂತ್ರ ಗಾಢವಾಗಿ, ಮೈ ತುರಿಸುತ್ತದೆ. ಬಾಲಭಾಗದ್ದು ಸಾಮಾನ್ಯವಾಗಿ ತಡವಾಗಿ ಪತ್ತೆಯಾಗುತ್ತದೆ. ಗಡ್ಡೆ ರಕ್ತನಾಳಗಳಿಗೆ ತಗುಲಿದೆಯೇ ಎಂಬುದನ್ನು ಸಿಟಿ ಸ್ಕ್ಯಾನ್ ತೋರಿಸುತ್ತದೆ; ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನೆರವಿನಿಂದ ಸೂಜಿ ಹಾಕಿ ಪರೀಕ್ಷೆಗೆ ಮಾದರಿ ತೆಗೆಯಬಹುದು.

ತಲೆಭಾಗದ ಗಡ್ಡೆಗೆ ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1935ರಲ್ಲಿ ವರದಿ ಮಾಡಿದ, ಅವರದೇ ಹೆಸರಿನ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶಗಳನ್ನು ತೆಗೆದು, ಉಳಿದ ಗ್ರಂಥಿ, ಪಿತ್ತನಾಳ, ಜಠರಗಳನ್ನು ಕರುಳಿಗೆ ಜೋಡಿಸುತ್ತಾರೆ. ಗ್ರಂಥಿಯ ಜೋಡಣೆ ಸೋರುವುದೇ ಇದರ ದೊಡ್ಡ ತೊಡಕು. 1994ರಲ್ಲಿ ಇದನ್ನು ಲ್ಯಾಪರೊಸ್ಕೋಪಿಯಿಂದ ಮಾಡಿದ ವರದಿ ಬಂತು.

ಇಂಥ ಚಿಕಿತ್ಸೆ ಬೇಕಾದ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರೋಗಿಗಳಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳು ದಾವಣಗೆರೆ, ಶಿವಮೊಗ್ಗಗಳಲ್ಲಿವೆ. ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಾದ ಕಿದ್ವಾಯಿ 1973ರಿಂದ ಬೆಂಗಳೂರಿನಲ್ಲಿದೆ.